ಸಿರಾದ ಚಹಾ ಮತ್ತು ನಿಮ್ಮ ಮನೋಬಲ

ಹುಬ್ಬಳ್ಳಿಯ ಓದುಗರೊಬ್ಬರು ಬರೆಯುತ್ತಾರೆ: “ಸಿಗರೇಟು ಬಿಟ್ಟು 43 ದಿನ ಆಗಿತ್ತು. ಕೆಲಸದ ಮೇಲೆ ಆಗಾಗ ಕಾರಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತೇನೆ. ಮೊನ್ನೆ ವಾಪಸು ಬರುವಾಗ ಸಿರಾ ಹತ್ತಿರ ಚಹಾಕ್ಕೆ ನಿಲ್ಲಿಸಿ ಎರಡು ಸೇದಿಬಿಟ್ಟೆ. ಈಗ ಗಾಡಿಯಲ್ಲಿ ಅಡಿಕೆ ಇಟ್ಟುಕೊಂಡಿದ್ದೇನೆ. ಆದರೂ ಕೇಳುತ್ತೇನೆ, ಮನೋಬಲ ಇದ್ದವನಿಗೆ ನಿಮ್ಮ ಆರೋಗ್ಯ ಪುಟ ಹೊಗಳುವ ನಿಕೋಟಿನ್ ಗಮ್ಮು ಯಾಕೆ ಬೇಕು?”

ಮನೋಬಲ ಬೇಕು, ಒಪ್ಪಿದೆ. 43 ದಿನ ದಾಟಿಸಿದ್ದರಲ್ಲಿ ಅದರ ಪಾಲಿದೆ. ಮನೋಬಲದ ಸ್ತೋತ್ರ ಇಲ್ಲಿಗೆ ಮುಗಿಯಿತು. ಸಿರಾದಲ್ಲಿ ನಿಮ್ಮನ್ನು ಕೆಡವಿದ್ದು ಜಾಗ, ಸ್ವಾಮೀ.

ವಿಯೆಟ್ನಾಂನಿಂದ ಮರಳಿದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ 1970ರ ದಶಕದಲ್ಲಿ ಅಧ್ಯಯನ ಮಾಡಿದರು. ಅಲ್ಲಿ ಹೆರಾಯಿನ್ ದಾಸರಾಗಿದ್ದವರಲ್ಲಿ, ಊರಿಗೆ ಬಂದ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ ಸುಮಾರು 5 ಮಂದಿ. ವಿಮಾನ ಇಳಿಯುತ್ತಲೇ ಅಷ್ಟೂ ಜನರ ಮನಸ್ಸು ಕಬ್ಬಿಣವಾಯಿತೇ? ಮಾಲು ಸಿಗುತ್ತಿದ್ದ ಗಲ್ಲಿ, ಜೊತೆಗಾರರು, ಆ ಹೊತ್ತು ಎಲ್ಲವೂ ಸಮುದ್ರದಾಚೆ ಉಳಿದಿದ್ದವು. ನಿಮ್ಮ ಗಲ್ಲಿ ಮಾತ್ರ ಹೆದ್ದಾರಿ 48ರ ಬದಿಯಲ್ಲೇ ಕಾಯುತ್ತಿದೆ. ಗೂಡಂಗಡಿಯ ಕಂಬಕ್ಕೆ ದಾರ ಕಟ್ಟಿ ಇಳಿಬಿಟ್ಟ ಲೈಟರು, ಸರಿಯಾಗಿ ಎದೆಮಟ್ಟಕ್ಕೆ. ಎಡಗೈಯಲ್ಲಿ ಬಿಸಿ ಲೋಟ, ಬಲಗೈ ಖಾಲಿ. 43ನೇ ದಿನ ಕೇಳಿದ್ದು ಆ ಖಾಲಿ ಕೈ. ನಿಕೋಟಿನ್ ಸಿಗದ ಮೈಯ ಚಡಪಡಿಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲೇ ಅಡಗಿರುತ್ತದೆ.

ಚಹಾದ ಪಾಲೂ ಇದೆ. ಹೊಗೆಯಲ್ಲಿನ ಟಾರಿನ ಅಂಶಗಳು ಯಕೃತ್ತಿನಲ್ಲಿ ಕೆಫೀನ್ ಬೇಗ ಕರಗುವಂತೆ ಮಾಡಿರುತ್ತವೆ. ಸೇದುವುದು ಬಿಟ್ಟ ಮೇಲೆ ಆ ವೇಗ ಇಳಿದು, ಮೊದಲಿನಷ್ಟೇ ಲೋಟ ಕುಡಿದರೂ ರಕ್ತದಲ್ಲಿ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ನಿಲ್ಲುತ್ತದೆ. ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನೀವು ಅದನ್ನು ಸಿಗರೇಟಿನ ಆಸೆ ಎಂದುಕೊಳ್ಳುತ್ತೀರಿ. ದಾರಿಯ ನಾಲ್ಕು ಚಹಾ ಎರಡಾಗಲಿ. ತೂಕಡಿಕೆಗೆ ಹೆದರಿ ಕುಡಿಯುವುದಾದರೆ, ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ 15-20 ನಿಮಿಷ ಕಣ್ಣು ಮುಚ್ಚಿ. ಅದಕ್ಕೆ ಸಿಗರೇಟು ಯಾವತ್ತೂ ಮದ್ದಾಗಿರಲಿಲ್ಲ.

ಇನ್ನು ನೀವು ಮೂಗು ಮುರಿದ ಗಮ್ಮು. ಬಬಲ್‌ಗಮ್ಮಿನಂತೆ ಜಗಿದು ಎಸೆದವರೇ “ನನಗೆ ಆಗಿಬರಲಿಲ್ಲ” ಎನ್ನುವುದು. ಎದ್ದ ಅರ್ಧ ಗಂಟೆಯೊಳಗೆ ಸೇದುತ್ತಿದ್ದವರಿಗೆ 4 ಮಿಲಿಗ್ರಾಂ, ಅದಕ್ಕೆ ವೈದ್ಯರ ಚೀಟಿ ಬೇಕು. ಉಳಿದವರಿಗೆ 2 ಸಾಕು. ಗಾಡಿ ನಿಲ್ಲಿಸುವ ಅರ್ಧ ಗಂಟೆ ಮೊದಲೇ ಬಾಯಿಗೆ ಹಾಕಿ ನಿಧಾನ ಜಗಿಯಿರಿ. ಮೆಣಸಿನ ಕಾಳು ಕಚ್ಚಿದಂತೆ ಚುರುಗುಟ್ಟಿತೋ, ಜಗಿಯುವುದು ನಿಲ್ಲಿಸಿ ಕೆನ್ನೆಗೂ ವಸಡಿಗೂ ನಡುವೆ ಒತ್ತರಿಸಿಡಿ. ಚುರುಕು ಇಳಿದ ಮೇಲೆ ಮತ್ತೆ ನಾಲ್ಕು ಸಲ ಜಗಿದು, ಈ ಬಾರಿ ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ನಿಕೋಟಿನ್ ಮೈಗಿಳಿಯುವುದು ಬಾಯಿಯ ಒಳಪದರದಿಂದ. ರಸ ನುಂಗಿದರೆ ಬಿಕ್ಕಳಿಕೆ, ಎದೆಯುರಿ. ಕಾಫಿ, ಹಣ್ಣಿನ ರಸ ಬಾಯಿಯನ್ನು ಹುಳಿಯಾಗಿಸಿ ಆ ದಾರಿಯನ್ನೇ ಮುಚ್ಚುತ್ತವೆ, ಆದ್ದರಿಂದ ಕುಡಿದು 15 ನಿಮಿಷವಾದರೂ ಕಳೆದಿರಬೇಕು. ಸಾಮಾನ್ಯವಾಗಿ 12 ವಾರದ ಕ್ರಮ ಇದು; ನೀವಿನ್ನೂ ಏಳನೇ ವಾರದಲ್ಲಿದ್ದೀರಿ.

ಅಡಿಕೆಯ ವಿಷಯಕ್ಕೆ ನಿಮ್ಮನ್ನು ಬೈಯಲೇಬೇಕು. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಪಟ್ಟಿಗೆ ಸೇರಿಸಿದೆ. (ಮಲೆನಾಡಿನ ಓದುಗರು ಮುನಿದು ಪತ್ರ ಬರೆಯಲಿ, ಅಚ್ಚು ಹಾಕೋಣ.) ಲವಂಗ, ಸೋಂಪು ಇಟ್ಟುಕೊಳ್ಳಿ. ಒಣ ನೆಲ್ಲಿಯೂ ಆದೀತು, ಗಮ್ಮಿನ ಹೊತ್ತಿಗೆ ಮಾತ್ರ ಬೇಡ, ಅದೂ ಹುಳಿಯೇ.

ಕಾರೊಳಗೆ ಸೇದುತ್ತಿದ್ದವರಾದರೆ ಅದನ್ನೂ ತೊಳೆಯಿರಿ. ಬಿಸಿಲಲ್ಲಿ ನಿಂತ ಗಾಡಿಯ ಬಾಗಿಲು ತೆಗೆದಾಗ ಹಳೇ ಹೊಗೆ ಮುಖಕ್ಕೆ ರಾಚುತ್ತದಲ್ಲ, ಅದು ಮಾಡಿನ ಬಟ್ಟೆ, ಸೀಟು, ಎಸಿ ಫಿಲ್ಟರಿನಿಂದ ಬರುವುದು. ಫಿಲ್ಟರು ಬಹುತೇಕ ಕಾರುಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದಿರುತ್ತದೆ, ಹೊಸದು ಹಾಕಿಸಿ. ಸೀಟಿಗೆ ರಾತ್ರಿ ಅಡುಗೆ ಸೋಡಾ ಉದುರಿಸಿ ಬೆಳಿಗ್ಗೆ ವ್ಯಾಕ್ಯೂಮ್ ಹಿಡಿಯಿರಿ. ಮುಂದಿನ ಗಾಜಿನ ಒಳಮೈಯನ್ನು ಸೋಪುನೀರಿನ ಬಿಳಿ ಬಟ್ಟೆಯಿಂದ ಒರೆಸಿ ಬಟ್ಟೆ ನೋಡಿ, ಹಳದಿ ಕಾಣುತ್ತದೆ. ಸುವಾಸನೆಯ ಡಬ್ಬಿ ತೂಗುಹಾಕುವುದು ವ್ಯರ್ಥ.

ನಿಜವಾದ ಸಿಟ್ಟು ಬೇರೆಯೇ. ಕರ್ನಾಟಕ ಬಿಡಿ ಸಿಗರೇಟು ಮಾರಾಟವನ್ನು 2017ರಲ್ಲೇ ನಿಷೇಧಿಸಿತು. ಕಾರಣ ಸರಳ: ಪ್ಯಾಕಿನ ಶೇಕಡಾ 85 ಭಾಗ ಎಚ್ಚರಿಕೆಯೇ ತುಂಬಿದೆ, ಬಿಡಿ ಸಿಗರೇಟಿನ ಮೇಲೆ ಅದಿಲ್ಲ. 2025ರಲ್ಲಿ ಕೊಳ್ಳುವ ವಯಸ್ಸು 21ಕ್ಕೇರಿತು, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 1000 ರೂಪಾಯಿಯಾಯಿತು. ದಾರಕ್ಕೆ ಕಟ್ಟಿದ ಲೈಟರಿಗೆ ಇದ್ಯಾವುದೂ ತಿಳಿದಂತಿಲ್ಲ. ನೀವು ಸೇದಿದ್ದು ಎರಡು. ಪ್ಯಾಕೇ ಕೊಳ್ಳಬೇಕಿದ್ದರೆ ಅರೆಗಳಿಗೆ ಯೋಚಿಸುತ್ತಿರಲಿಲ್ಲವೇ? ಅಂಗಡಿಯವನನ್ನು ದೂರಿ ಫಲವಿಲ್ಲ, ಅವನ ಲಾಭ ಪುಡಿಗಾಸು. ಆದರೆ ಸಿಗರೇಟು ರಸ್ತೆಯಂಚಿನಲ್ಲೇ ಸಿಗುವಾಗ, ಗಮ್ಮಿಗೆ ಬೈಪಾಸ್ ಬಿಟ್ಟು ಊರೊಳಗಿನ ಔಷಧಿ ಅಂಗಡಿ ಹುಡುಕಬೇಕು. ಇದನ್ನು ಆರೋಗ್ಯ ನೀತಿ ಎನ್ನುತ್ತೇವೆ.

ಆದ್ದರಿಂದ ಗಮ್ಮು ಹೊರಡುವಾಗಲೇ ಜೇಬಿನಲ್ಲಿರಲಿ. ಬರುವಾಗ ಕ್ಯಾತ್ಸಂದ್ರದಲ್ಲಿ ಒಳಗೆ ಕೂತು ತಟ್ಟೆ ಇಡ್ಲಿ ತಿನ್ನಿ. ಚಹಾ ಅಲ್ಲೇ, ಮೇಜಿನ ಮೇಲೆಯೇ ಮುಗಿಯಲಿ. ಸಿರಾ ದಾಟಿಬಿಡಿ. ಕಾಲು ಸಡಿಲಿಸಲು ಹಿರಿಯೂರಿನ ಕಡೆ ಯಾವುದಾದರೂ ಪೆಟ್ರೋಲ್ ಬಂಕು ಸಾಕು: ಶೌಚಾಲಯವಿದೆ, ಗಾಳಿಯಿದೆ, ಅಲ್ಲಿ ಯಾರೂ ಬೆಂಕಿಕಡ್ಡಿ ಗೀರುವುದಿಲ್ಲ. ಆಸೆಯ ಅಲೆ ಐದು ನಿಮಿಷದ್ದು. ಅಷ್ಟರಲ್ಲಿ ನಾಲ್ಕೂ ಚಕ್ರಕ್ಕೆ ಗಾಳಿ ಹಿಡಿಸಿ ಆಗಿರುತ್ತದೆ. ಆಗಲೂ ತಡೆಯದಿದ್ದರೆ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಫೋನು ಮಾಡಿ. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.