ಚಿಲಕದ ಮಾತು ಮೊದಲು ಬರಲಿ

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರವಾಸಿಗರಿಗೆ ಅಗ್ಗದ ಹಾಸಿಗೆಯ ಜೊತೆ ಬಾರನ್ನೂ ನಡೆಸುವ ಪಾರ್ಟಿ ಹಾಸ್ಟೆಲೊಂದರ ಹತ್ತು ಹಾಸಿಗೆಗಳ ಡಾರ್ಮಿಟರಿಯಲ್ಲಿ ಮೂರು ರಾತ್ರಿ ಕಳೆದಿರಿ. ಕೆಳಗಿನ ಬಾರಿನ ಸಂಗೀತ ಎರಡು ಗಂಟೆಯಾದರೂ ನಿಲ್ಲಲಿಲ್ಲ. ದೂರಿದರೆ ‘ಇದು ಪಾರ್ಟಿ ಹಾಸ್ಟೆಲ್, ಗೊತ್ತಿರಲಿಲ್ಲವೇ?’ ಎಂದರು. ಪುಕ್ಕಟೆ ಕೊಟ್ಟ ಮದ್ಯವನ್ನು ನೀವು ಬೇಡವೆಂದಾಗ ಗುಂಪೆಲ್ಲ ನಕ್ಕಿತು. ‘ಕೈಯಲ್ಲಿ ಕಾಸು ಕಡಿಮೆಯಿದ್ದವನು ನಿದ್ದೆಯನ್ನೂ ಬಿಡಬೇಕೇ?’ ಎಂದು ಕೇಳಿದ್ದೀರಿ.

ಸದ್ದಿನ ವಿಷಯದಲ್ಲಿ ಪೂರ್ತಿ ನಿಮ್ಮ ಪರ ನಿಲ್ಲಲಾರೆ. ಅಂಥ ಕಡೆ ಹಾಸಿಗೆಯ ಬಾಡಿಗೆಯಲ್ಲಿ ಬಿಟ್ಟುಕೊಟ್ಟದ್ದನ್ನು ಮಾಲೀಕರು ಬಾರಿನಲ್ಲಿ ಗಳಿಸುತ್ತಾರೆ. ಒಂಟಿಯಾಗಿ ಬಂದವರಿಗೆ ಅಲ್ಲಿ ಒಂದೇ ಸಂಜೆಯಲ್ಲಿ ಗೆಳೆಯರು ಸಿಗುತ್ತಾರೆ. ಆ ಸಂತೋಷವೂ ನಿಜವಾದದ್ದೇ. ಮುಂದಿನ ಸಲ ಹಾಸಿಗೆ ಕಾದಿರಿಸುವ ಮುನ್ನ ಬಾರ್ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಮಲಗುವ ಕೋಣೆ ಅದರಿಂದ ಎಷ್ಟು ದೂರ ಎಂದು ಕೇಳಿಬಿಡಿ. ಇಯರ್‌ಪ್ಲಗ್ ಮಾತಿನ ಗದ್ದಲವನ್ನು ತಗ್ಗಿಸುತ್ತದೆ, ಗೋಡೆಯನ್ನೇ ಅದುರಿಸುವ ಡ್ರಮ್ಮಿನ ಗುದ್ದನ್ನು ಅಷ್ಟಾಗಿ ತಡೆಯದು.

ಆದರೂ ನಿಮಗೆ ಸಿಕ್ಕ ಉತ್ತರ ನನಗೆ ಒಪ್ಪಿಗೆಯಿಲ್ಲ. 1909ರಲ್ಲಿ ಜರ್ಮನಿಯ ಶಾಲಾ ಶಿಕ್ಷಕ ರಿಚರ್ಡ್ ಶಿರ್ಮಾನ್ ಮಕ್ಕಳೊಂದಿಗೆ ಕಾಲ್ನಡಿಗೆ ಪ್ರವಾಸ ಹೊರಟು ಬಿರುಮಳೆಗೆ ಸಿಕ್ಕಿ, ಹಳ್ಳಿಯ ಶಾಲೆಯೊಂದರಲ್ಲಿ ರಾತ್ರಿ ಕಳೆದರು. ಯೂತ್ ಹಾಸ್ಟೆಲಿನ ಯೋಚನೆ ಹೊಳೆದದ್ದು ಆ ರಾತ್ರಿಯೇ. ಬಡ ಪ್ರಯಾಣಿಕನ ನಿದ್ದೆಗಾಗಿ ಹುಟ್ಟಿದ ಹೆಸರನ್ನು ಬೋರ್ಡಿನ ಮೇಲೆ ಬರೆಸಿಕೊಂಡವರು, ನಿದ್ದೆ ಕೇಳಿದವನನ್ನು ಗದರಿಸಬಾರದು.

ಇನ್ನು ಆ ನಗು. ಅದು ನಿಮ್ಮನ್ನು ಇನ್ನೂ ಚುಚ್ಚುತ್ತಿದೆ ಎಂದು ಅಕ್ಷರಗಳಲ್ಲೇ ಕಾಣುತ್ತದೆ. 2024ರ ನವೆಂಬರಿನಲ್ಲಿ ಲಾವೋಸಿನ ವಾಂಗ್ ವಿಯೆಂಗ್ ಎಂಬ ಪ್ರವಾಸಿ ಊರಿನಲ್ಲಿ, ಕಲಬೆರಕೆ ಮದ್ಯದಲ್ಲಿ ಸೇರಿಕೊಳ್ಳುವ ಮೆಥನಾಲ್ ಎಂಬ ರಾಸಾಯನಿಕದ ವಿಷವೇರಿ ಆರು ಮಂದಿ ವಿದೇಶಿಯರು ಸತ್ತರು. ಇಬ್ಬರಿಗೆ ಬರೀ 19 ವರ್ಷ. ಮದ್ಯದಲ್ಲಿ ಬೆರೆತ ಮೆಥನಾಲನ್ನು ರುಚಿಯಿಂದಲೋ ವಾಸನೆಯಿಂದಲೋ ಗುರುತಿಸಲಾಗದು. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಹಾಳುಮಾಡುತ್ತದೆ. ಲಕ್ಷಣಗಳು ಹಲವು ಗಂಟೆ ತಡವಾಗಿ ಕಾಣಿಸಿಕೊಳ್ಳುವುದರಿಂದ, ಕುಡಿದದ್ದು ಇಳಿಯುತ್ತಿರುವ ತಲೆನೋವೆಂದುಕೊಂಡು ಹುಡುಗರು ಮತ್ತೆ ಮಲಗಿಬಿಡುತ್ತಾರೆ. ಪಕ್ಕದ ಹಾಸಿಗೆಯವರು ಕಣ್ಣು ಮಂಜಾಗುತ್ತಿದೆ ಎಂದರೆ ಬೆಳಗಾಗಲಿ ಎಂದು ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಬೇಗ ತಲುಪಿದರೆ ಪ್ರತಿವಿಷವೂ ಡಯಾಲಿಸಿಸ್ಸೂ ಜೀವ ಉಳಿಸುತ್ತವೆ. ಯಾವ ಬಾಟಲಿಯಿಂದ ಸುರಿದರೆಂದು ಗೊತ್ತಿಲ್ಲದ ಲೋಟವನ್ನು ನೀವು ಮುಟ್ಟಲಿಲ್ಲ. ಸರಿಯಾದುದನ್ನೇ ಮಾಡಿದಿರಿ.

ಕೋಣೆಯ ಚಿಲಕ ಕೂರುತ್ತಿರಲಿಲ್ಲ, ಹಿಂದಿನ ಮೆಟ್ಟಿಲಿಗೆ ಬಿಯರ್ ಪೆಟ್ಟಿಗೆಗಳನ್ನು ಅಡ್ಡವಾಗಿ ಪೇರಿಸಿದ್ದರು ಎಂದು ಪತ್ರದ ತುದಿಯಲ್ಲಿ ಒಂದೇ ಸಾಲು ಬರೆದಿದ್ದೀರಿ. ನನಗೆ ದಿಗಿಲಾದದ್ದು ಅದನ್ನು ಓದಿ. ಬೆಂಕಿ ಹತ್ತಿದ್ದರೆ ಆ ಹತ್ತು ಮಂದಿ ಯಾವ ದಾರಿಯಿಂದ ಇಳಿಯಬೇಕಿತ್ತು? ಬಾಡಿಗೆ ಎಷ್ಟೇ ಕಡಿಮೆಯಿರಲಿ, ಇದರಲ್ಲಿ ರಿಯಾಯಿತಿಯಿಲ್ಲ. ಮಾಲೀಕರಿಗೂ ಸ್ಥಳೀಯ ಅಗ್ನಿಶಾಮಕ ಇಲಾಖೆಗೂ ಇಂದೇ ಬರೆಯಿರಿ. ಸಂಗೀತದ ದೂರು ಎರಡನೆಯ ಪುಟದಲ್ಲಿರಲಿ.

– ಸಂಪಾದಕ