ಭೀಮನ ಬಾಗಿಲು ಮೂಕ ಅಂದವರಾರು?

ಹಂಪಿಯ ಭೀಮನ ಬಾಗಿಲಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ಕಾಗುಣಿತದ ತಪ್ಪಿಲ್ಲ. ಸಂತೋಷ. ಆದರೆ ಮೊದಲ ಸಾಲಿಗೇ ಸಿಟ್ಟು ಬಂತು.

‘ಗತವೈಭವದ ಮೂಕಸಾಕ್ಷಿಯಾಗಿ ನಿಂತಿದೆ ಈ ಮಹಾದ್ವಾರ.’ ಮೂಕ ಯಾಕೆ? ನೀವು ಒಳಗೆ ಹೋಗಿದ್ದಿರಾ? ಅಲ್ಲಿ ನೇರವಾಗಿ ನಡೆದು ಆಚೆ ಹೋಗಲು ಆಗುವುದಿಲ್ಲ. ಗೋಡೆಗಳ ನಡುವಿನ ಅಂಗಳದಲ್ಲಿ ತಿರುಗಲೇಬೇಕು. ನುಗ್ಗಿ ಬಂದ ಕುದುರೆ ಅಲ್ಲಿ ತಡವರಿಸಬೇಕು, ಕಾವಲಿನವರಿಗೆ ಮೇಲಿನಿಂದ ಹೊಡೆಯಲು ಸಿಗಬೇಕು. ಅದಕ್ಕೇ ಹಾಗೆ ಕಟ್ಟಿದ್ದು. ತಲೆ ಎತ್ತಿದರೆ ಕಮಾನಿಲ್ಲ. ಎರಡೂ ಕಡೆಯಿಂದ ಮುಂದೆ ಚಾಚಿದ ಕಲ್ಲುಗಳೇ ಮೇಲಿನ ತೊಲೆಯನ್ನು ಹೊತ್ತಿವೆ. ಇಷ್ಟೆಲ್ಲ ಹೇಳುವ ಬಾಗಿಲು ಮೂಕವೇ?

ನಾಲ್ಕನೇ ಸಾಲು: ‘ಯಾರೋ ವೀರನ ಶಿಲ್ಪವೂ ಇದೆ.’ ಯಾರೋ ಅಂದ್ರೆ? ಗದೆಯ ಜೊತೆ ಹೂವನ್ನೂ ಹಿಡಿದವನು ಇನ್ಯಾರು ಮಾರಾಯ್ರೇ? ದ್ರೌಪದಿ ಬೇಕೆಂದ ಸೌಗಂಧಿಕಾ ಹೂವು ಅದು. ಬಾಗಿಲಿಗೆ ಹೆಸರು ಬಂದದ್ದೇ ಅವನಿಂದ. ಅಲ್ಲೇ ದ್ರೌಪದಿ ಮುಡಿ ಕಟ್ಟುವ ಶಿಲ್ಪವೂ ಇದೆ. ನಿಮ್ಮ ಲೇಖನದಲ್ಲಿ ಅವಳಿಗೆ ಜಾಗವೇ ಇಲ್ಲ.

ಏಳನೇ ಸಾಲು: ‘1565ರಲ್ಲಿ ಸುಲ್ತಾನರ ಆನೆಗಳು ಈ ಬಾಗಿಲನ್ನು ಪುಡಿಗಟ್ಟಿ ಒಳನುಗ್ಗಿದವು.’ ಇದು ಸಿನಿಮಾ. ತಾಳಿಕೋಟೆ ಯುದ್ಧ ನಡೆದದ್ದು ಬಲು ದೂರ, ಕೃಷ್ಣಾ ನದಿಯ ಕಡೆ. ವಿಜಯನಗರದ ಸೇನೆ ನಡೆಸಿದ ರಾಮರಾಯ ಅಲ್ಲೇ ಸತ್ತ. ಅವನ ತಮ್ಮ ತಿರುಮಲ ರಾಜಧಾನಿಗೆ ಬಂದು, ಬೊಕ್ಕಸವನ್ನು ಆನೆಗಳ ಮೇಲೆ ಹೇರಿಸಿ, ಹೆಸರಿಗಷ್ಟೇ ಅರಸನಾಗಿದ್ದ ಸದಾಶಿವರಾಯನನ್ನೂ ಕರೆದುಕೊಂಡು ಪೆನುಕೊಂಡೆಗೆ ಹೊರಟುಬಿಟ್ಟ. ಕಾಯುವವರೇ ಇಲ್ಲದ ಊರಿನ ಬಾಗಿಲನ್ನು ಯಾರು ಒಡೆಯುತ್ತಾರೆ? ಕಥೆಯಲ್ಲಿ ಆನೆಗಳಿವೆ, ನಿಜ. ಆದರೆ ಅವು ಹೊರಗೆ ಹೊರಟಿದ್ದವು. ಆ ಸಂಕಟ ಬರೆಯುವುದು ಬಿಟ್ಟು ಸುಮ್ನೆ ಬಾಗಿಲು ಒಡೆಸಿದ್ದೀರಿ.

ನಾನೂ ಮೂಕಸಾಕ್ಷಿ ಬರೆದವನೇ. ಕೆಲಸಕ್ಕೆ ಸೇರಿದ ವರ್ಷ, ಬೀದರ್ ಕೋಟೆಯ ಶರ್ಜಾ ದರ್ವಾಜೆಯ ಮೇಲೆ. ಹಿರಿಯ ಉಪಸಂಪಾದಕರೊಬ್ಬರು ಹಾಳೆ ಮಡಚಿಟ್ಟು, “ಬಾಗಿಲ ಮೇಲೆ ಹುಲಿ ಎಷ್ಟಿವೆ?” ಎಂದು ಕೇಳಿದರು. ನಾನು ಪುಸ್ತಕ ನೋಡಿ ಬರೆದಿದ್ದೆ, ಬಾಗಿಲು ನೋಡಿರಲಿಲ್ಲ. “ಹೋಗಿ ಎಣಿಸ್ಕೊಂಡು ಬಾ” ಎಂದರು. ರಾತ್ರಿ ಬಸ್ಸು, ಟಿಕೆಟ್ ದುಡ್ಡು ನನ್ನದೇ. ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೆ. ಎರಡು ಹುಲಿ. ವಾಪಸ್ ಬಂದು ಹೇಳಿದಾಗ ಅವರು ತಲೆ ಕೂಡ ಎತ್ತಲಿಲ್ಲ, “ಈಗ ಬರಿ” ಎಂದರು.

ನಿಮಗೆ ಅಷ್ಟು ಕಷ್ಟವಿಲ್ಲ. ಕಮಲಾಪುರದ ಹತ್ತಿರ ಗಾಣಗಿತ್ತಿ ಬಸದಿ ಕೇಳಿ, ಬಾಗಿಲು ಅಲ್ಲಿಂದ ದೂರವಿಲ್ಲ. ಬೆಳಿಗ್ಗೆಯೇ ಹೋಗಿ, ಆಮೇಲೆ ಬಿಸಿಲು ಜಾಸ್ತಿ. ಒಳಗೆ ಎಷ್ಟು ಸಲ ತಿರುಗಬೇಕಾಯಿತು ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆದು ಕಳಿಸಿ.