ವಾಚ್ ಕೆಟ್ಟರೆ ಕೆಡಲಿ, ಕಲ್ಲಿದೆಯಲ್ಲ

ಸ್ಮಾರ್ಟ್ ವಾಚ್ ಕೆಟ್ಟ ಮೇಲೆ ಓಟ ಸುಧಾರಿಸುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ, ಕಾನ್‌ಸ್ಟೆಬಲ್ ಆಯ್ಕೆಯ ಓಟ ಬೇರೆ ಇದೆ ಅಂತ ಕೇಳಿದ್ದೀರಿ. ಹೊಸದಕ್ಕೆ ಈಗಲೇ ದುಡ್ಡು ಹಾಕಬೇಡಿ. ಕೋಲಾರದ ಪಕ್ಕದ ಹಳ್ಳಿಯಲ್ಲಿ ನಾನು ಎರಡು ವರ್ಷದಿಂದ ಅಪ್ಪನ ಹಳೇ ಮುಳ್ಳಿನ ವಾಚಲ್ಲೇ ಓಡುತ್ತಿದ್ದೇನೆ.

ದೂರಕ್ಕೆ ರಸ್ತೆ ಬದಿಯ ಕಿಲೋಮೀಟರ್ ಕಲ್ಲು ಸಾಕು. ಹಳದಿ ತಲೆಯ ಕಲ್ಲಿರುವ ರಾಷ್ಟ್ರೀಯ ಹೆದ್ದಾರಿ ಬೇಡ, ಲಾರಿಗಳ ಕಾಟ. ಹಳ್ಳಿ ರಸ್ತೆಯ ಕಿತ್ತಳೆ ತಲೆಯ ಕಲ್ಲು ಹುಡುಕಿ. ಕಲ್ಲು ಹತ್ತಿಪ್ಪತ್ತು ಮೀಟರ್ ಆಚೀಚೆ ನೆಟ್ಟಿದ್ದರೂ ಪರವಾಗಿಲ್ಲ, ಪ್ರತಿ ಸಲ ಅವೇ ಕಲ್ಲಿನ ನಡುವೆ ಓಡಿದರಾಯಿತು. ಟೈಮ್ ನೋಡುವುದು ತಿಂಗಳಿಗೊಮ್ಮೆ ಮಾತ್ರ. ನಾನು ಹುಣ್ಣಿಮೆ ಮಾರನೇ ಬೆಳಗಿನ ಜಾವ ನೋಡುತ್ತೇನೆ. ಪಡುವಣದಲ್ಲಿ ಚಂದ್ರ ಇನ್ನೂ ಇರುತ್ತಾನೆ, ಟಾರ್ಚ್ ಬೇಕಿಲ್ಲ. ಡೈರಿಯ ಹಾಲಿನ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡುತ್ತೇನೆ. "ಫ್ಯಾಟ್ ಬರೆಯೋ ಪುಸ್ತಕದಲ್ಲಿ ಇದೇನೋ ನಿಂದು" ಅಂತ ಅಮ್ಮ ಬೈಯುತ್ತಾರೆ.

ಆದರೆ ಟೈಮಿಗಿಂತ ಮೊದಲು ಉಸಿರು ಹೇಳುತ್ತದೆ. ದಿನದ ಓಟದಲ್ಲಿ ಹದಿಮೂರರ ಮಗ್ಗಿ ಬಾಯಿಬಿಟ್ಟು ಹೇಳಿ. ಹದಿಮೂರೈದ್ಲ ಅರವತ್ತೈದರವರೆಗೂ ಸಲೀಸಾಗಿ ಬಂದರೆ ವೇಗ ಸರಿಯಿದೆ. ಎರಡ್ಲಕ್ಕೇ ಏದುಸಿರು ಬಂದರೆ ಜಾಸ್ತಿಯಾಯಿತು, ನಿಧಾನ ಮಾಡಿ. ಎರಡನೇ ಕಲ್ಲಿನ ಹತ್ತಿರ ಒಂದು ಏರಿದೆ. ಜನವರಿಯಲ್ಲಿ ಅಲ್ಲಿ ನನ್ನ ಮಗ್ಗಿ ನಿಂತೇ ಹೋಗುತ್ತಿತ್ತು. ಮಾರ್ಚ್‌ನಲ್ಲಿ ಏರು ಮುಗಿಯುವವರೆಗೂ ಬಂತು. ಪುಸ್ತಕದಲ್ಲಿ ಟೈಮ್ ಹೆಚ್ಚುಕಡಿಮೆ ಅಷ್ಟೇ ಇತ್ತು, ಅದು ಇಳಿದದ್ದು ಆಮೇಲೆ.

ಬೆಳಿಗ್ಗೆ ಹಾಸಿಗೆಯಲ್ಲೇ ಮಣಿಕಟ್ಟಿನ ನಾಡಿ 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ದಿನಕ್ಕಿಂತ ಎಂಟು ಹತ್ತು ಜಾಸ್ತಿ ಬಂದರೆ ಅವತ್ತು ರಜೆ ಹಾಕಿ. ನಿದ್ದೆ ಕೆಟ್ಟಿರಬಹುದು, ಜ್ವರ ಬರುವುದರಲ್ಲಿರಬಹುದು. ಸ್ಮಾರ್ಟ್ ವಾಚ್ ಇದ್ದಾಗ ನಾನು ದಿನಾ ನಿನ್ನೆಯ ಟೈಮ್ ಮುರಿಯಲು ಹೋಗಿ, ಮೊಣಕಾಲ ಕೆಳಗಿನ ಎಲುಬು ನೋವು ಬಂದು ಮೂರು ವಾರ ಕುಂಟಿದ್ದೆ.

ವೇಗ ಬೇಕಾದರೆ ವಾರಕ್ಕೊಂದು ದಿನ ಲೈಟು ಕಂಬದಾಟ: ಒಂದು ಕಂಬದಿಂದ ಇನ್ನೊಂದಕ್ಕೆ ಜೋರು, ಮುಂದಿನ ಎರಡು ಕಂಬ ಸುಮ್ನೆ ಜಾಗಿಂಗ್. 1930ರ ದಶಕದಲ್ಲಿ ಸ್ವೀಡನ್ನಿನ ಓಟದ ಕೋಚ್ ಗೋಸ್ಟಾ ಹೋಲ್ಮರ್ ಶುರುಮಾಡಿದ ಫಾರ್ಟ್‌ಲೆಕ್ ಕೂಡ ಹೀಗೇ, ಜೋರು ನಿಧಾನ ಬೆರೆಸಿ ಓಡುವುದು.

ನಿಮ್ಮ ಪರೀಕ್ಷೆಗೆ ಗಂಡಸರು 1600 ಮೀಟರನ್ನು 6 ನಿಮಿಷ 30 ಸೆಕೆಂಡಲ್ಲಿ ಮುಗಿಸಬೇಕು. 400 ಮೀಟರ್ ಟ್ರ್ಯಾಕಲ್ಲಿ ನಾಲ್ಕು ಸುತ್ತು, ಸುತ್ತಿಗೆ 97 ಸೆಕೆಂಡ್. ಒಳಗಿನ ಲೇನ್ ಹಿಡಿಯಿರಿ. ಎಂಟನೇ ಲೇನಲ್ಲಿ ಓಡಿದರೆ ಸುತ್ತಿಗೆ 50 ಮೀಟರ್ ಜಾಸ್ತಿ. ಹುಡುಗರೆಲ್ಲ ಮೊದಲ ಸುತ್ತೇ 80ಕ್ಕೆ ಹೊಡೆದು ಮೂರನೆಯದರಲ್ಲಿ ಕುಸಿಯುತ್ತಾರೆ. ಒಂದು ಸುತ್ತು ಓಡಿ, ವಾಚ್ ನೋಡುವ ಮೊದಲೇ ಎಷ್ಟಾಯಿತು ಅಂತ ಜೋರಾಗಿ ಹೇಳಿ, ಆಮೇಲೆ ನೋಡಿ. ನಾನು ಮೊದಮೊದಲು ಹದಿನೈದು ಸೆಕೆಂಡ್ ತಪ್ಪುತ್ತಿದ್ದೆ, ಈಗ ಎರಡೋ ಮೂರೋ.

ಏಪ್ರಿಲ್ ಬಿಸಿಲಿಗೆ ಟೈಮ್ ಹಿಂದೆ ಹೋದರೆ ಗಾಬರಿ ಬೇಡ, ಅಲ್ವಾ? ಮಳೆ ಬಿದ್ದ ಮೇಲೆ ಅದೇ ಕಲ್ಲಿಗೆ ಓಡಿ ನೋಡಿ. ನಾಯಿಗಳಿರುವ ಕಡೆ ಕೈಯಲ್ಲೊಂದು ಕಡ್ಡಿ ಇರಲಿ.